ಉದ್ದಿನ ರಾಶಿಯ ಮೇಲೆ ಸಪನಾಳ ಗಾಡಿ

ಸಪನಾಳ ಬಿಳಿ ಕಾರಿನ ಕೆಳಗೆ ಬೆಕ್ಕು ಎರಡು ಸಲ ಮರಿ ಹಾಕಿತು. ಬೀದರಿನ ನಮ್ಮ ಗಲ್ಲಿಯಲ್ಲಿ ಆ ಕಾರು ಎಷ್ಟು ದಿನ ಅಲುಗಾಡದೆ ನಿಂತಿತ್ತು ಎಂದು ಹೇಳಲು ಇದಕ್ಕಿಂತ ಒಳ್ಳೆಯ ಗುರುತು ನನಗೆ ಗೊತ್ತಿಲ್ಲ. ಪ್ರತಿ ರವಿವಾರ ಅವಳು ಅದನ್ನು ತೊಳೆಯುತ್ತಿದ್ದಳು, ಒರೆಸುತ್ತಿದ್ದಳು, ಮತ್ತೆ ಹೊದಿಕೆ ಹೊದಿಸಿ ಒಳಗೆ ಹೋಗುತ್ತಿದ್ದಳು. ಬಾಗಿಲಿಗೆ ಮಾತ್ರ ಕೈ ಹಚ್ಚುತ್ತಿರಲಿಲ್ಲ.

ಎದುರು ಮನೆ ನಮ್ಮದು. ಔರಾದ ತಾಲೂಕಿನ ಠಾಣಾ ಕುಶನೂರದ ಅಂಗನವಾಡಿಯಲ್ಲಿ ನಾನು ಮೂವತ್ತೊಂದು ವರ್ಷ ಸಹಾಯಕಿಯಾಗಿದ್ದೆ. ಮಕ್ಕಳನ್ನು ಮನೆಯಿಂದ ಕರೆತರುವುದು, ಅಡಿಗೆ ಮಾಡುವುದು, ಮೂಗು ಒರೆಸುವುದು ನನ್ನ ಕೆಲಸ. ವಯಸ್ಸಾದ ಮೇಲೆ ಮಗನ ಮನೆಗೆ ಬೀದರಿಗೆ ಬಂದೆ. ಬಂದು ನೋಡಿದರೆ ಅದೇ ಕುಶನೂರ ಭಾಗದ ಸೂಪರ್‌ವೈಸರ್ ನಮ್ಮ ಎದುರು ಮನೆಯಲ್ಲೇ ಇದ್ದಾಳೆ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವಳು. ಮೊದಲ ದಿನ ನಾನು ರೂಢಿಯಂತೆ "ನಮಸ್ಕಾರ್ರಿ ಬಾಯಿ" ಎಂದು ಎದ್ದು ನಿಂತೆ. ಅವಳು ಕೈ ಹಿಡಿದು ಕೂಡಿಸಿದಳು.

"ಆಯಿ, ಮನಿ ಮುಂದ ನೀವು ಎದ್ದು ನಿಂತ್ರ ನಾ ಒಳಗ ಓಡಿ ಹೋಗ್ತೇನಿ ನೋಡ್ರಿ. ಅಂಜನಾಬಾಯಿ ಅಂದ್ರ ನೀವೇ ಅಲ್ಲೇನ್ರಿ? ನಿಮ್ಮ ಕೈಯಾಗಿನ ಉಪ್ಪಿಟ್ಟಿನ ಸುದ್ದಿ ಕುಶನೂರದಾಗ ಇನ್ನೂ ಹೇಳ್ತಾರ. ನಮಗೂ ಒಂದಿನ ಮಾಡಿ ಹಾಕ್ರಿ."

ಅಂದಿನಿಂದ ನಾನು ಅವಳಿಗೆ ಆಯಿ.

ಸಪನಾ ಭಾಲ್ಕಿಯ ಹುಡುಗಿ. ಅವಳ ತಂದೆ ಮಚ್ಛೇಂದ್ರ ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಮಗಳು ಕಾಲೇಜಿಗೆ ಹೋಗುವಾಗಲೇ ಭಾಲ್ಕಿಯ ಮೈದಾನದಲ್ಲಿ ಅವಳಿಗೆ ಗಾಡಿ ಕಲಿಸಿದ್ದರು. ನೌಕರಿ ಸಿಕ್ಕ ಮೇಲೆ ಅವಳು ಹಳೆಯ ಕಾರೊಂದನ್ನು ಕೊಂಡಳು. ಅವಳ ಕೈಕೆಳಗೆ ಇಪ್ಪತ್ತಾರು ಅಂಗನವಾಡಿಗಳು. ಅವುಗಳಲ್ಲಿ ಒಂಬತ್ತು ಬಸ್ಸಿನ ದಾರಿಯಲ್ಲಿವೆ. ಉಳಿದ ಹದಿನೇಳು ಒಳಗಿನ ವಾಡಿ, ತಾಂಡಾಗಳಲ್ಲಿ. ಅಲ್ಲಿ ಬಸ್ಸು ಹೋಗುವುದಿಲ್ಲ. ಅವಳ ಬಿಳಿ ಗಾಡಿ ಹೋಗುತ್ತಿತ್ತು. ಮಕ್ಕಳು ಧೂಳಿನಲ್ಲಿ ಹಿಂದೆ ಓಡುತ್ತಿದ್ದವು.

ಇನ್ನು ಗಾಡಿ ಯಾಕೆ ನಿಂತಿತು ಎಂಬುದನ್ನು ಹೇಳುತ್ತೇನೆ.

ನಮ್ಮ ಕಡೆ ಉದ್ದು ಕೈಗೆ ಬಂದಾಗ ರೈತರು ಕಿತ್ತ ಗಿಡಗಳನ್ನು ತಂದು ಡಾಂಬರು ರಸ್ತೆಯ ಮೇಲೆ ಹಾಸುತ್ತಾರೆ. ಹೋಗಿ ಬರುವ ಗಾಡಿಗಳ ಗಾಲಿಗೆ ಸಿಕ್ಕು ಕಾಯಿ ಒಡೆಯುತ್ತದೆ. ಸಂಜೆಗೆ ಹೊಟ್ಟು ತೂರಿ ಕಾಳು ಒಯ್ಯುತ್ತಾರೆ. ಪೊಲೀಸರು ಬೇಡವೆನ್ನುತ್ತಾರೆ, ರೈತರು ಹೌದೆನ್ನುತ್ತಾರೆ, ಮರುದಿನ ಮತ್ತೆ ಹಾಸುತ್ತಾರೆ. ಕಣ ಮಾಡುವವರು ಈಗ ಕಡಿಮೆ. ರಸ್ತೆಯೇ ಕಣ.

ಎರಡು ವರ್ಷದ ಹಿಂದೆ ಗಣಪತಿ ಹಬ್ಬದ ದಿನಗಳಲ್ಲಿ, ಕುಶನೂರದ ಆಚೆಯ ತಿರುವಿನಲ್ಲಿ ಖಾಜಾ ಮಿಯಾ ಎಂಬ ಮುದುಕ ಹೀಗೆ ಉದ್ದು ಹಾಸಿ, ಅಂಚಿನಲ್ಲಿ ಕರಿ ಛತ್ರಿ ಹಿಡಿದು ಕಾವಲು ಕೂತಿದ್ದ. ಸಣ್ಣ ಹನಿ ಬಿದ್ದು ಹೋಗಿತ್ತು. ಸಪನಾಳ ಗಾಡಿ ತಿರುವಿಗೆ ಬಂತು. ಹಸಿ ಗಿಡಗಳ ಮೇಲೆ ಗಾಲಿ ಏರಿದ್ದೇ ತಡ, ಎಣ್ಣೆ ಸುರಿದ ಹಂಚಿನ ಮೇಲೆ ಜಾರಿದ ಹಾಗೆ ಗಾಡಿ ಅಡ್ಡ ತಿರುಗಿತು. ಬ್ರೇಕು ಹಿಡಿಯಲಿಲ್ಲ. ಮುದುಕ ಕೂತ ಕಡೆಗೇ ಹೋಯಿತು. ಗಾಲಿಯ ಕೆಳಗೆ ಏನೋ ಕಟಕ್ಕೆಂದು ಮುರಿದ ಸಪ್ಪಳವಾಯಿತು. ಗಾಡಿ ನಿಂತಿತು.

ಮುರಿದದ್ದು ಛತ್ರಿ. ಖಾಜಾ ಮಿಯಾ ಮೊದಲೇ ತಗ್ಗಿಗೆ ಹಾರಿದ್ದ. ಮೈಗೆ ಹತ್ತಿದ ಮಣ್ಣು ಝಾಡಿಸುತ್ತ ಮೇಲೆ ಬಂದು ಕಿಟಕಿ ಬಡಿದು, "ಬೇಟಿ, ಪೆಟ್ಟಾತೇನು? ನೀರು ಕುಡೀತಿ?" ಎಂದು ಅವನೇ ಕೇಳಿದನಂತೆ. ಆದರೆ ಸಪನಾಳಿಗೆ ಅವನು ಕಾಣಲಿಲ್ಲ, ಕೇಳಲಿಲ್ಲ. ಗಾಲಿಯ ಕೆಳಗಿಂದ ಹೊರಬಂದ ಛತ್ರಿಯ ಕಡ್ಡಿಗಳನ್ನಷ್ಟೇ ನೋಡುತ್ತ ಕೂತಿದ್ದಳು. ಆ ದಿನ ಬೇರೆ ಯಾರೋ ಗಾಡಿ ಓಡಿಸಿಕೊಂಡು ಬಂದು ಗಲ್ಲಿಯಲ್ಲಿ ಬಿಟ್ಟುಹೋದರು.

ಯಾರಿಗೂ ಏನೂ ಆಗಲಿಲ್ಲವಲ್ಲ ಎಂದು ಎಲ್ಲರೂ ಅಂದರು. ನಾಲ್ಕು ದಿನ ಬಿಟ್ಟು ಅವಳು ಚಾವಿ ಹಾಕಲು ಹೋದಾಗ ಅಂಗೈ ಬೆವರಿ ಚಾವಿ ಜಾರಿಬಿತ್ತು. ಎದೆ ಬಡಿದುಕೊಂಡಿತು, ಕಣ್ಣು ಕತ್ತಲೆಯಾಯಿತು. ಬಾಗಿಲು ತೆಗೆದು ಓಡಿ ಮನೆಯೊಳಗೆ ಹೋದಳು. ಮರುದಿನ ಚಾವಿ ಮುಟ್ಟಿದಾಗಲೇ ಹಾಗಾಯಿತು. ಆಮೇಲೆ ಗಾಡಿಯ ಬಾಗಿಲು ಮುಟ್ಟಿದರೂ ಹಾಗೆ.

ಸಲಹೆಗೆ ನಮ್ಮ ಗಲ್ಲಿಯಲ್ಲಿ ಬರವಿಲ್ಲ. ಒಬ್ಬರು ಗಾಡಿಗೆ ನಿಂಬೆಹಣ್ಣು ಕಟ್ಟು ಅಂದರು. ಇನ್ನೊಬ್ಬರು ಬಣ್ಣ ಬದಲಿಸು ಅಂದರು. ಅವಳ ಗಂಡ ಸಂಘಪಾಲ ಕರೆಂಟಿನ ಆಫೀಸಿನಲ್ಲಿದ್ದಾನೆ. ಕಂಬ ಹತ್ತಿದವರನ್ನು ದಿನವೂ ನೋಡಿದವನು, ಆದರೆ ಕಾರು ಕಲಿತವನಲ್ಲ. "ಧೈರ್ಯ ಮಾಡಿ ಒಮ್ಮಿ ಚಾಲೂ ಮಾಡಿಬಿಡು, ಮುಗೀತು" ಎಂದು ದಿನವೂ ಹೇಳುತ್ತಿದ್ದ. ಭಾಲ್ಕಿಯಿಂದ ಬಂದ ಮಚ್ಛೇಂದ್ರ ಅವರದು ಬೇರೆ ರಾಗ.

"ನನ್ನ ಮೂವತ್ತು ವರ್ಷದ ಸರ್ವೀಸಿನಾಗ ಎಷ್ಟು ಸಲ ಗಾಡಿ ಜಾರ್ಯಾವ! ನಾ ಒಂದಿನಾರ ಮನ್ಯಾಗ ಕೂತೀನೇನು?"

"ನೀವು ಕೂತಿಲ್ಲಪ್ಪಾ. ನಾ ಕೂತೀನಿ. ಏನು ಮಾಡ್ಲಿ, ಹೇಳ್ರಿ."

ಅವರು ಚಪ್ಪಲಿ ಮೆಟ್ಟಿ ಭಾಲ್ಕಿಯ ಬಸ್ಸಿಗೆ ಹೊರಟರು. ಗೊತ್ತಿದ್ದರೆ ಹೇಳುತ್ತಿದ್ದರು.

ಸಪನಾ ಬಸ್ಸಿನಲ್ಲಿ ಹೋಗತೊಡಗಿದಳು. ದಾರಿಯ ಮೇಲಿನ ಒಂಬತ್ತು ಕೇಂದ್ರಗಳನ್ನು ನೋಡುತ್ತಿದ್ದಳು. ಉಳಿದ ಹದಿನೇಳನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳುತ್ತಿದ್ದಳು. ಬೇಸಿಗೆಯಲ್ಲಿ ಒಂದು ದಿನ ಆಸ್ಪತ್ರೆಯ ಜೀಪಿನಲ್ಲಿ ಜಾಗ ಸಿಕ್ಕು ಒಂದು ತಾಂಡಾಕ್ಕೆ ಹೋದಳು. ಅಲ್ಲಿಯ ಕಾರ್ಯಕರ್ತೆ ಅಜೀಜಾ ಬೇಗಂ, ಪಾಪ, ಪಟ್ಟಿ ಮುಂದಿಟ್ಟಳು. ಎಲ್ಲ ಮಕ್ಕಳ ತೂಕವೂ ಸರಿ. ಆದರೆ ಒಂದು ಕೂಸಿನ ತೋಳು ಹಿಡಿದು ನೋಡಿದಾಗ ಸಪನಾಳಿಗೆ ಸಂಶಯ ಬಂತು. ತೂಕದ ಕಾಟಾ ತರಿಸಿ ನೋಡಿದಳು. ಖಾಲಿ ಇದ್ದಾಗಲೇ ಅದರ ಮುಳ್ಳು ಒಂದು ಕಿಲೋದ ಮೇಲೆ ನಿಂತಿತ್ತು. ಯಾವಾಗಿನಿಂದಲೋ. ಏಳು ಕಿಲೋದ ಕೂಸು ಪಟ್ಟಿಯಲ್ಲಿ ಎಂಟು ಕಿಲೋ ಆಗಿತ್ತು.

ಅಂದು ಸಂಜೆ ಅವಳು ನಮ್ಮ ಕಟ್ಟೆಯ ಮೇಲೆ ಬಂದು ಕೂತಳು. ನಾನು ಅಕ್ಕಿ ಆರಿಸುತ್ತಿದ್ದೆ. ಅವಳೂ ಅಕ್ಕಿಗೆ ಕೈ ಹಾಕಿ ಕಲ್ಲು ಹೆಕ್ಕತೊಡಗಿದಳು.

"ಆಯಿ, ಮೊದಲು ನಾ ತಿಂಗಳಿಗೊಮ್ಮಿ ಹೋಗ್ತಿದ್ದೆ. ಹೋದಾಗ ಮೊದಲು ಕಾಟಾನೇ ನೋಡ್ತಿದ್ದೆ. ನಾ ಅಂಜಿಕೊಂಡು ಮನ್ಯಾಗ ಕೂತೆ, ಅಲ್ಲಿ ಕೂಸು ಸೊರಗಿತು. ಆಫೀಸಿನಾಗ ಹೇಳ್ಯಾರ, ಸಪ್ಟೆಂಬರ್ ಮುಗಿಯೋದ್ರಾಗ ಇಪ್ಪತ್ತಾರೂ ಸೆಂಟರ್ ನೋಡೂ ಹಂಗ ಆಗಬೇಕಂತ. ಇಲ್ಲಂದ್ರ ಈ ಭಾಗ ಬ್ಯಾರೆಯವ್ರಿಗೆ ಕೊಟ್ಟು ನನಗ ಬೀದರದಾಗ ಟೇಬಲ್ಲಿಗಿ ಕೂಡಸ್ತಾರ."

"ಟೇಬಲ್ ಬೇಕೇನು ನಿನಗ?"

"ಬ್ಯಾಡ್ರಿ ಆಯಿ. ನನಗ ಆ ಹದಿನೇಳು ಊರು ಬೇಕು."

ಹೇಳುತ್ತ ಚೀಲದಲ್ಲಿ ಕರವಸ್ತ್ರ ಹುಡುಕಿದಳು. ಅದರ ಜೊತೆಗೆ ಒಂದು ಕಟ್ಟು ಚೀಟಿ ಹೊರಬಂತು. ತಾಯಂದಿರಿಗೆ ಹಂಚಲು ಕೊಟ್ಟಿದ್ದ ಚೀಟಿಗಳು. ನಾನು ಮೂರನೇ ಇಯತ್ತೆಯವರೆಗೆ ಕಲಿತವಳು, ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಒಂದನ್ನು ಎತ್ತಿಕೊಂಡು ಓದಿದೆ. ಅತಿಯಾದ ಭಯ, ಎದೆ ಬಡಿತ, ನಿದ್ದೆ ಬಾರದಿರುವುದು ಇದ್ದರೆ ಬೀದರಿನ ಆಸ್ಪತ್ರೆಯಲ್ಲಿ ಆಪ್ತ ಸಮಾಲೋಚಕರನ್ನು ಕಾಣಿರಿ, ನಾಚಿಕೆ ಬೇಡ.

"ಇದು ಯಾರಿಗಿ ಕೊಡೂದು, ಸಪನಾ?"

"ತಾಯಂದಿರಿಗಿ."

"ಎಷ್ಟು ಮಂದಿಗಿ ಕೊಟ್ಟಿ?"

"ಇನ್ನೂರು ಮಂದಿಗಿ ಕೊಟ್ಟಿರಬೇಕು."

"ನಿನಗೊಂದು ಇಟ್ಕೋ."

ಅವಳು ಸಿಟ್ಟಿನಿಂದ ನೋಡಿದಳು. "ನಾ ಹುಚ್ಚಿ ಏನ್ರಿ ಆಯಿ?" ಅಂದಳು. ಆಮೇಲೆ ಅವಳಿಗೇ ನಗು ಬಂತು. ಇನ್ನೂರು ಮಂದಿಗೆ ಅವಳೇ "ಇದು ಹುಚ್ಚಲ್ಲ ನೋಡ್ರಿ" ಎಂದು ಹೇಳಿದ್ದಳಂತೆ.

ಆ ವಾರವೇ ಇಬ್ಬರೂ ಆಸ್ಪತ್ರೆಗೆ ಹೋದೆವು. ಸಮಾಲೋಚಕಿಯ ಹೆಸರು ವರದಾ. ಇನ್ನೂ ಮೂವತ್ತು ಆಗಿರದ ಹುಡುಗಿ. ಭಾಲ್ಕಿ ಕಡೆಯವಳು, ಕನ್ನಡದಲ್ಲಿ ಶುರು ಮಾಡಿ ಮರಾಠಿಯಲ್ಲಿ ಮುಗಿಸುವವಳು. ನಾನು ಹೊರಗೆ ಕೂಡುತ್ತೇನೆಂದೆ. ಸಪನಾ ಕೈ ಬಿಡಲಿಲ್ಲ. ಹೀಗಾಗಿ ನಾನೂ ಒಳಗೆ ಕೂತು ಕೇಳಿದೆ. ಔಷಧಿ ಕೊಡುತ್ತಾರೆ, ಇಲ್ಲವೆ ಧೈರ್ಯ ಹೇಳುತ್ತಾರೆ ಎಂದುಕೊಂಡಿದ್ದೆ. ಎರಡೂ ಇಲ್ಲ. ನಡೆದದ್ದೆಲ್ಲ ಕೇಳಿಸಿಕೊಂಡು ಪ್ರಶ್ನೆ ಕೇಳಿದಳು.

"ಗಾಡಿ ಚಾಲೂ ಮಾಡಬೇಕಂದ್ರ ಮೈಯಾಗ ಎಲ್ಲಿಂದ ಶುರು ಆಗ್ತದರಿ?"

"ಅಂಗೈಯಾಗ. ಆಮ್ಯಾಲ ಎದ್ಯಾಗ. ಆಮ್ಯಾಲ ಕಿವ್ಯಾಗ ಆ ಸಪ್ಪಳ."

"ಯಾವ ಸಪ್ಪಳ?"

"ಛತ್ರಿ ಮುರದದ್ದು."

"ಆ ಛತ್ರಿ ಅಜ್ಜ ಈಗ ಹ್ಯಾಂಗಿದ್ದಾರ?"

"ಆರಾಮ ಇದ್ದಾರಂತ."

"ಅಂತ? ನೀವು ನೋಡಿಲ್ಲ?"

ಸಪನಾ ತಲೆ ತಗ್ಗಿಸಿದಳು. "ಯಾವ ಮಾರಿ ತಗೊಂಡು ನೋಡ್ಲಿ ಮೇಡಮ್?"

ವರದಾ ಅದನ್ನು ಬರೆದುಕೊಂಡಳು. ಎರಡನೆಯ ಸಲ ಹೋದಾಗ ಒಂದು ಹಾಳೆ ಕೊಟ್ಟು ಹತ್ತು ಮೆಟ್ಟಿಲು ಬರೆಸಿದಳು. ಎಲ್ಲಕ್ಕಿಂತ ಕಡಿಮೆ ಅಂಜಿಕೆಯದು ಕೆಳಗೆ, ಹೆಚ್ಚಿನದು ಮೇಲೆ. ಮೊದಲನೆಯದು, ಗಾಡಿಯಲ್ಲಿ ಸುಮ್ಮನೆ ಕೂಡುವುದು. ಒಂಬತ್ತನೆಯದು, ಉದ್ದು ಹಾಸಿದ ಕುಶನೂರ ದಾರಿ. ಹತ್ತನೆಯದು, ಒಬ್ಬಳೇ ಆ ತಾಂಡಾಕ್ಕೆ ಹೋಗುವುದು. ಪ್ರತಿ ಮೆಟ್ಟಿಲಿನಲ್ಲೂ ಅಂಜಿಕೆಗೆ ನೂರರಲ್ಲಿ ಎಷ್ಟು ಅಂಕ ಎಂದು ತಾನೇ ಹಾಕಬೇಕು. ಅಂಕ ಏರಿದಾಗ ಇಳಿದು ಓಡಬಾರದು. ತಾನಾಗಿ ಇಳಿಯುವವರೆಗೆ ಅಲ್ಲೇ ಇರಬೇಕು.

"ಇಳೀಲಿಲ್ಲಂದ್ರ?" ಸಪನಾ ಕೇಳಿದಳು.

ನನಗೆ ಬಾಯಿ ತಡೆಯಲಿಲ್ಲ. "ಇಳೀತದವಾ. ಹೊಸಾ ಕೂಸು ಅಂಗನವಾಡಿಗಿ ಬಂದಾಗ ನೋಡಿಲ್ಲೇನು? ಅಳ್ತದಂತ ತಾಯಿ ಎತ್ಕೊಂಡು ಮನಿಗಿ ಒಯ್ದಳೋ, ನಾಳಿ ಎರಡರಷ್ಟು ಅಳ್ತದ. ಕೂಡಿಸ್ಕೊಂಡೆವೋ, ಅತ್ತು ಅತ್ತು ಬ್ಯಾಸತ್ತು ಸುಮ್ಮನಾಗ್ತದ. ಐದನೇ ದಿನ ತಾನೇ ತಾಟು ಹಿಡ್ಕೊಂಡು ಓಡಿ ಬರ್ತದ."

ವರದಾ ಪೆನ್ನು ಕೆಳಗಿಟ್ಟಳು. "ಅಜ್ಜೀ, ನಾ ಎರಡು ವರ್ಷ ಓದಿ ಕಲ್ತದ್ದು ಇದೇ ಮಾತ್ರಿ. ಫೀಸ್ ಸುಮ್ಮ ಕಟ್ಟಿದೆ."

ಆಷಾಢದಲ್ಲಿ ಒಂದು ರವಿವಾರ ಮೊದಲ ಮೆಟ್ಟಿಲು. ಹೊದಿಕೆ ತೆಗೆದಳು, ಒಳಗೆ ಕೂತಳು. ಕೆಳಗಿಂದ ಬೆಕ್ಕು, ಅದರ ಹಿಂದೆ ನಾಲ್ಕು ಮರಿಗಳು ಸಾಲಾಗಿ ಹೊರಟು ನಮ್ಮ ಮೆಟ್ಟಿಲ ಕೆಳಗೆ ಹೋದವು. ಸಪನಾ ಸ್ಟೇರಿಂಗ್ ಹಿಡಿದು ಕೂತೇ ಇದ್ದಳು. "ಎಪ್ಪತ್ತು" ಎಂದು ಕಿಟಕಿಯಿಂದ ಕೂಗಿದಳು. ನಾನು ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತ ಬರೆದುಕೊಂಡೆ. "ಎಪ್ಪತ್ತು... ಅರವತ್ತೈದು... ಮತ್ತ ಎಪ್ಪತ್ತು, ಆಯಿ!" ಎರಡು ಗಡ್ಡೆ ಬೆಳ್ಳುಳ್ಳಿ ಮುಗಿಯುವುದರೊಳಗೆ ಮೂವತ್ತಕ್ಕೆ ಬಂದಿತ್ತು. ನಾಲ್ಕನೆಯ ದಿನ ಅವಳು ಒಳಗೆ ಕೂತು ರೇಡಿಯೋ ಕೇಳುತ್ತಿದ್ದಳು.

ಮೂರನೆಯ ಮೆಟ್ಟಿಲಿಗೆ, ಗಲ್ಲಿಯಿಂದ ದೊಡ್ಡ ರಸ್ತೆಗೆ ಹೋಗುವಾಗ, ಪಕ್ಕದಲ್ಲಿ ಯಾರು ಕೂಡಬೇಕೆಂಬ ಪ್ರಶ್ನೆ ಬಂತು. ಮಚ್ಛೇಂದ್ರ ಕೂತರು. ತಮ್ಮ ಕಾಲ ಕೆಳಗೂ ಬ್ರೇಕು ಇದೆ ಎಂಬಂತೆ ತುಳಿಯುತ್ತ "ಬ್ರೇಕ್! ಬ್ರೇಕ್! ಎಡಕ್ಕ! ಎಮ್ಮಿ ಬಂತು!" ಎಂದು ಕೂಗಿದರು. ಎಮ್ಮೆ ಇನ್ನೂ ಓಣಿಯ ಕೊನೆಯಲ್ಲಿತ್ತು. ಮರುದಿನ ಸಂಘಪಾಲ ಕೂತ. ಅವನು ಕೂಗಲಿಲ್ಲ, ಕಣ್ಣು ಮುಚ್ಚಿಕೊಂಡು ಬುದ್ಧನ ತ್ರಿಶರಣ ಹೇಳತೊಡಗಿದ.

"ಹೆಣದ ಗಾಡ್ಯಾಗ ಕೂತಂಗ ಕೂಡಬ್ಯಾಡ್ರಿ, ಇಳೀರಿ" ಎಂದು ಸಪನಾ ಅವನನ್ನೂ ಇಳಿಸಿದಳು.

ಕೊನೆಗೆ ನಾನು ಕೂತೆ. ಬಾಯಿ ತೆರೆಯಬಾರದು ಎಂಬುದೊಂದೇ ವರದಾಳ ಕಟ್ಟಳೆ. ಮೂವತ್ತೊಂದು ವರ್ಷ ಇಪ್ಪತ್ತೈದು ಮಕ್ಕಳು ಒಟ್ಟಿಗೆ ಅಳುವುದನ್ನು ಕೇಳಿದವಳಿಗೆ ಒಂದು ಕಾರಿನಲ್ಲಿ ಸುಮ್ಮನೆ ಕೂಡುವುದು ದೊಡ್ಡ ಕೆಲಸವಲ್ಲ.

ಐದನೆಯ ಮೆಟ್ಟಿಲು ಗಾಂಧಿ ಗಂಜ, ಬೀದರಿನ ಕಾಳುಕಡಿಯ ಪೇಟೆ. ಬೆಳಿಗ್ಗೆ ಹತ್ತಕ್ಕೆ ಅಲ್ಲಿ ಇರುವೆಗೂ ದಾರಿ ಇರುವುದಿಲ್ಲ. ಮುಂದೆ ಲಾರಿ ಹಿಂದಕ್ಕೆ ಬರುತ್ತಿತ್ತು, ಪಕ್ಕದಲ್ಲಿ ಕೈಗಾಡಿ, ಎದುರಿಗೆ ಬೆನ್ನಮೇಲೆ ಚೀಲ ಹೊತ್ತ ಹಮಾಲರು. ಸಪನಾ ನಡುವೆ ಸಿಕ್ಕಿಕೊಂಡಳು. "ಎಂಬತ್ತು" ಅಂದಳು. ಹಾರ್ನ್ ಒತ್ತಿ ಹಿಡಿದಳು. ಚೀಲದ ಕೆಳಗಿಂದ ಒಬ್ಬ ಹಮಾಲ ಮುಖ ಎತ್ತಿದ.

"ಅಕ್ಕಾರ, ಅದಕ್ಕ ಯಾಕ ಒದರಸ್ತೀರಿ? ನಮ್ಮ ಕಿವಿ ಯಾವಾಗೋ ಹೋಗ್ಯಾವ. ನಿಂದ್ರಿ, ತಾನೇ ಸರೀತದ."

ಅವಳು ಕೈ ತೆಗೆದಳು, ನಿಂತಳು. ತಾನೇ ಸರಿಯಿತು. ಗಂಜಿನ ಆಚೆಯ ಬಾಗಿಲಿಗೆ ಬಂದಾಗ ಅವಳ ಕುಪ್ಪಸ ಬೆವರಿನಿಂದ ತೊಯ್ದಿತ್ತು. ಅಂಕ ಮೂವತ್ತೈದು. "ಇನ್ನೊಂದು ಸುತ್ತು ಹಾಕೂಣೇನ್ರಿ ಆಯಿ?" ಎಂದಳು. ನಾನು ಬಾಯಿ ತೆರೆಯದೆ ತಲೆ ಆಡಿಸಿದೆ.

ಏಳನೆಯ ಮೆಟ್ಟಿಲು ತವರುಮನೆ ಭಾಲ್ಕಿ. ಗಾಡಿ ಬಾಗಿಲಲ್ಲಿ ನಿಂತಾಗ ಮಚ್ಛೇಂದ್ರ ಹೊರಗೆ ಬಂದರು. ಮಗಳ ಮುಖ ನೋಡಲಿಲ್ಲ. ನಾಲ್ಕೂ ಗಾಲಿ ಸುತ್ತಿ ನೋಡಿ, "ಹಿಂದಿಂದು ಹವಾ ಕಮ್ಮಿ ಅದ" ಅಂದರು. ಆಮೇಲೆ ಒಳಗೆ ಹೋಗಿ ಮೂಗು ಸೀನುವ ಸಪ್ಪಳ ನಮಗೆಲ್ಲ ಕೇಳಿಸಿತು.

ಹೀಗೆ ಬರುತ್ತ ಬರುತ್ತ ಸಪ್ಟೆಂಬರ್ ಬಂತು, ಉದ್ದು ರಸ್ತೆಗೆ ಬಂತು. ಒಂಬತ್ತನೆಯ ಮೆಟ್ಟಿಲು. ಇಲ್ಲಿ ನಾವು ತಪ್ಪು ಮಾಡಿದೆವು. ನಾವು ಅಂದರೆ ಮಚ್ಛೇಂದ್ರ, ಸಂಘಪಾಲ ಮತ್ತು ನಾನು. ಮೂವರಲ್ಲಿ ಹಿರಿಯಳು ನಾನೇ, ಹಾಗಾಗಿ ತಪ್ಪಿನಲ್ಲೂ ದೊಡ್ಡ ಪಾಲು ನನ್ನದು.

ಇಷ್ಟು ದೂರ ಬಂದವಳು ಮತ್ತೆ ಜಾರಿದರೆ ಹೇಗೆ ಎಂದು ಮಚ್ಛೇಂದ್ರ ಚಿಂತೆ ಮಾಡಿದರು. ಸಂಘಪಾಲ ಹೌದೆಂದ. ಕುಶನೂರದ ಕೂಟಿನಲ್ಲಿ, ದಾರಿಗಳು ಸೇರುವಲ್ಲಿ, ಚಹಾದ ಅಂಗಡಿ ಇಟ್ಟಿರುವ ಹಣಮಂತನಿಗೆ ಫೋನು ಮಾಡಲು ನಂಬರು ಕೊಟ್ಟವಳು ನಾನು. ಅವನು ನನ್ನ ಕೈಯಲ್ಲಿ ಉಪ್ಪಿಟ್ಟು ತಿಂದು ಬೆಳೆದವನು. ಮಚ್ಛೇಂದ್ರ ಮಾತಾಡಿದರು. ಒಂದು ದಿನದ ಮಟ್ಟಿಗೆ ರಸ್ತೆಯ ಮೇಲಿನ ಉದ್ದು ಎತ್ತಿಸು, ನನ್ನ ಮಗಳು ಬರುತ್ತಾಳೆ.

ಮರುದಿನ ರಸ್ತೆ ಗುಡಿಸಿದ ಅಂಗಳದಂತಿತ್ತು. ಉದ್ದಿನ ಗಿಡಗಳೆಲ್ಲ ಬದಿಯಲ್ಲಿ ಗುಂಪೆಯಾಗಿ ತಾಡಪತ್ರಿಯ ಕೆಳಗಿದ್ದವು. ಆ ತಿರುವು ಬಂದಾಗ ಸಪನಾ ವೇಗ ಇಳಿಸಿದಳು, ಉಸಿರು ಬಿಟ್ಟಳು, ದಾಟಿದಳು. "ಮೂವತ್ತು! ಆಯಿ, ಬರೀ ಮೂವತ್ತು!" ಎಂದು ಸ್ಟೇರಿಂಗ್ ಮೇಲೆ ತಟ್ಟಿದಳು. ನಾನು ಕಿಟಕಿಯ ಹೊರಗೆ ನೋಡಿದೆ.

ತಿರುಗಿ ಬರುವಾಗ ಹಣಮಂತನ ಅಂಗಡಿಯಲ್ಲಿ ಚಹಾ ಕುಡಿಯಲು ನಿಂತೆವು. ಅವನು ದೊಡ್ಡ ಉಪಕಾರ ಮಾಡಿದವನ ಹಿಗ್ಗಿನಲ್ಲಿದ್ದ.

"ರೋಡ್ ಹ್ಯಾಂಗಿತ್ರಿ ಮೇಡಮ್ಮಾರ? ಹನ್ನೊಂದು ಮಂದಿ ಬೆಳಗಿನಾಗ ಎದ್ದು ಎತ್ತಿ ಹಾಕೀವ್ರಿ. ನಿಮ್ಮ ಅಪ್ಪಾರ ಫೋನ್ ಅಂದ್ರ ಸಣ್ಣ ಮಾತೇನು?"

ಸಪನಾಳ ಕೈಯಲ್ಲಿನ ಗ್ಲಾಸು ಅಲ್ಲೇ ನಿಂತಿತು. ನನ್ನ ಕಡೆ ತಿರುಗಿದಳು.

"ಆಯಿ, ನಿಮಗೂ ಗೊತ್ತಿತ್ತೇನು?"

"ಗೊತ್ತಿತ್ತವಾ."

"ಹಂಗಾರ ನಾ ಪಾಸಾಗಿಲ್ಲ. ಪೇಪರ್ ನೀವು ಬರದೀರಿ, ಹೆಸರು ನಂದು ಹಾಕೀರಿ."

ಬೀದರ ಮುಟ್ಟುವವರೆಗೆ ಗಾಡಿ ಎಲ್ಲೂ ನಿಲ್ಲಿಸಲಿಲ್ಲ. ಮನೆಯ ಮುಂದೆ ಗಾಡಿ ನಿಲ್ಲಿಸಿ, ತಿಂಗಳುಗಟ್ಟಲೆ ಹೊದಿಸಿರದ ಹೊದಿಕೆಯನ್ನು ತಂದು ಹೊದಿಸಿದಳು. ಎರಡು ದಿನ ಅದು ಹಾಗೇ ಇತ್ತು. ಮಚ್ಛೇಂದ್ರ ಫೋನು ಮಾಡಿದರೆ ಎತ್ತಲಿಲ್ಲ. ತಿಂಗಳು ಮುಗಿಯಲು ಹತ್ತು ದಿನ ಉಳಿದಿತ್ತು. ನಾನು ಕಟ್ಟೆಯ ಮೇಲೆ ಕೂತು ಆ ಹೊದಿಕೆ ನೋಡುತ್ತಿದ್ದೆ. ಮೂರನೆಯ ದಿನ ಅವಳು ಬಾಗಿಲಿಗೆ ಬಂದು, "ಆಯಿ, ಆಸ್ಪತ್ರಿಗಿ ಹೊಂಟೀನಿ, ನೀವೂ ಬರ್ರಿ" ಅಂದಳು. ಕರೆದಳಲ್ಲ, ಅಷ್ಟು ಸಾಕೆಂದು ಚಪ್ಪಲಿ ಮೆಟ್ಟಿದೆ.

ವರದಾ ಎಲ್ಲ ಕೇಳಿದಳು. ನನ್ನ ಕಡೆ ನೋಡಿ ಮೆಲ್ಲಗೆ ಅಂದಳು: "ಅಜ್ಜೀ, ಅಳೂ ಕೂಸಿಗಿ ನೀವೇ ಬಾಗಲಾ ತೆಗೆದು ಮನಿಗಿ ಕಳಸೀರಲ್ಲ."

"ತಪ್ಪಾತವಾ" ಅಂದೆ. ನನ್ನ ಮಾತೇ ನನಗೆ ತಿರುಗಿ ಬಂದಿತ್ತು.

ಆಮೇಲೆ ಅವಳು ಸಪನಾಳನ್ನು ಕೇಳಿದಳು. "ವಾಪಸ್ ಬರೋ ಮುಂದ ಅಂಜಿಕಿ ಎಷ್ಟಿತ್ತು?"

"ಎಲ್ಲಿ ಅಂಜಿಕಿ ಮೇಡಮ್! ಸಿಟ್ಟು ನೂರಕ್ಕ ನೂರಿತ್ತು."

"ಅಂದ್ರ ಅಷ್ಟು ದಾರಿ, ನದೀ ಬ್ರಿಜ್ಜು, ಲಾರಿ, ಎಲ್ಲಾ ದಾಟಿ ಬರೋ ಮುಂದ ಅಂಜಿಕಿ ಎಷ್ಟದ ಅಂತ ನೋಡಾಕೂ ನಿಮಗ ನೆನಪಾಗಿಲ್ಲ."

ನಿಧಾನವಾಗಿ ಸಪನಾಳ ಮುಖದಲ್ಲಿ ನಗು ಹರಿಯಿತು. ಹೊರಗೆ ಬಂದವಳೇ ಹಣಮಂತನಿಗೆ ಫೋನು ಮಾಡಿ ಖಾಜಾ ಮಿಯಾನ ನಂಬರು ತೆಗೆದುಕೊಂಡಳು. ಆಸ್ಪತ್ರೆಯ ಬೇವಿನ ಗಿಡದ ಕೆಳಗೆ ನಿಂತು ಅವನ ಜೊತೆ ಮಾತಾಡಿದಳು. ಫೋನಿನಲ್ಲಿ ಮುದುಕ ಕೂಗಿಯೇ ಮಾತಾಡುತ್ತಿದ್ದ, ನನಗೂ ಕೇಳುತ್ತಿತ್ತು.

"ಚಾಚಾ, ನಾ ಸಪನಾ. ಬಿಳಿ ಗಾಡಿ. ನಾಳೆ ನಾ ಬರ್ತೇನಿ. ಉದ್ದು ಎತ್ತಬ್ಯಾಡ್ರಿ. ಇದ್ದಷ್ಟೂ ಹಾಕ್ರಿ. ಆದ್ರ ತಿರುವಿನಾಗ ಹಾಕಬ್ಯಾಡ್ರಿ, ಸೀದಾ ರೋಡಿಗಿ ಹಾಕ್ರಿ, ಎರಡೂ ಕಡಿ ದೂರದಿಂದ ಕಾಣೂ ಹಂಗ ಟೊಂಗಿ ಇಡ್ರಿ."

"ಕಮಾಲ್ ಅದ ಬೇಟಿ! ಮೊನ್ನಿ ನಿಮ್ಮ ಅಪ್ಪ ಎತ್ತು ಅಂದ, ಇವತ್ತ ನೀ ಹಾಕು ಅಂತಿ. ನಿಮ್ಮ ಮನ್ಯಾಗ ದೊಡ್ಡವ್ರು ಯಾರು?"

"ಗಾಡಿ ನಂದು ಚಾಚಾ. ಗಾಡಿ ಮಟ್ಟಿಗಿ ನಾನೇ ದೊಡ್ಡಾಕಿ."

ಮರುದಿನ ಬಿಸಿಲು ಚೆನ್ನಾಗಿತ್ತು. ತಿರುವು ದಾಟಿದ ಮೇಲೆ ನೇರ ರಸ್ತೆಯಲ್ಲಿ ಬೇವಿನ ಟೊಂಗೆ, ಅದರ ಆಚೆ ರಸ್ತೆಯ ತುಂಬ ಕಪ್ಪಾದ ಉದ್ದಿನ ಗಿಡ. ಅಂಚಿನಲ್ಲಿ ಛತ್ರಿ. ಸಪನಾ ನೂರು ಹೆಜ್ಜೆ ಹಿಂದೆಯೇ ಗಾಡಿ ನಿಲ್ಲಿಸಿದಳು.

"ಎಂಬತ್ತೈದು" ಅಂದಳು. ಸ್ವಲ್ಪ ತಡೆದು, "ಆಯಿ, ನೀವಿಲ್ಲೇ ಇಳೀರಿ."

"ನಾ ಬಾಯಿ ತೆರಿಯಂಗಿಲ್ಲವಾ."

"ಗೊತ್ತದ. ಆದ್ರ ನೀವು ಬಾಜೂಕ ಇದ್ರ ನಿಮ್ಮ ಧೈರ್ಯದಾಗ ಓಡಸ್ತೇನಿ. ಒಳಗಿನ ಊರಿಗಿ ನಾ ದಿನಾ ಹೋಗಬೇಕು, ದಿನಾ ನೀವು ಬರ್ತೀರೇನು? ಇಳೀರಿ."

ಇಳಿದೆ. ನಡೆದುಹೋಗಿ ಖಾಜಾ ಮಿಯಾನ ಪಕ್ಕದ ಗೋಣಿಚೀಲದ ಮೇಲೆ ಕೂತೆ. ಅವನ ಛತ್ರಿ ಅದೇ ಹಳೆಯದು. ಎರಡು ಕಡ್ಡಿಗೆ ತಂತಿ ಬಿಗಿದಿದ್ದ.

"ಅಂಜನಾಬಾಯಿ, ಒಂದು ಮಾತು ಕೇಳ್ತೇನಿ. ಆಕಿಗಿ ನನ್ನ ಮ್ಯಾಲ ಸಿಟ್ಟಿತ್ತೇನು? ಮೊನ್ನಿತನಕ ಒಂದು ವರ್ಷ ಈ ಕಡಿ ಗಾಡೀನೇ ಬಂದಿದ್ದಿಲ್ಲ. ತಿರುವಿನಾಗ ಹಾಕಿದ್ದು ನಂದೇ ತಪ್ಪಲ್ಲೇನು? ಆ ಬೇಟಿಗಿ ಏನಾರ ಆಗಿದ್ರ ಅಂತ ನನಗ ಎಷ್ಟು ದಿನ ರೊಟ್ಟಿ ಹೋಗಿಲ್ಲ."

"ಆಕಿಗೂ ಅದೇ ಆಗ್ಯಾದ ಮಿಯಾ. ನಿಮ್ಮ ಸಲುವಾಗಿ."

ಅವನು ಛತ್ರಿಯನ್ನು ಒಮ್ಮೆ ನೋಡಿದ, ಗಾಡಿಯನ್ನು ಒಮ್ಮೆ ನೋಡಿದ. ಗಾಡಿ ನಿಂತೇ ಇತ್ತು. ಇಂಜಿನ್ನಿನ ಸಪ್ಪಳ ಮಾತ್ರ. ನನಗೆ ಎದ್ದು ಹೋಗಿ ಪಕ್ಕದಲ್ಲಿ ಕೂಡಬೇಕೆನಿಸಿತು. ಸೆರಗು ಹಿಡಿದುಕೊಂಡು ಕೂತೆ. ಕೂಸು ಅಳುತ್ತಿದೆ, ಬಾಗಿಲು ತೆಗೆಯಬಾರದು.

ಗಾಡಿ ಹೊರಟಿತು. ಎತ್ತಿನ ಹೆಜ್ಜೆಯಷ್ಟು ನಿಧಾನ. ಟೊಂಗೆ ದಾಟಿತು. ಮುಂದಿನ ಗಾಲಿ ಉದ್ದಿನ ಮೇಲೆ ಏರಿತು. ಕಾಯಿ ಚಟಚಟನೆ ಒಡೆಯುವ ಸಪ್ಪಳ. ಸಪನಾ ಎದುರಿಗೆ ನೋಡುತ್ತಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ತೆಗೆಯಲಿಲ್ಲ. ನಮ್ಮ ಮುಂದೆ ದಾಟಿದಳು. ಆಚೆಯ ಟೊಂಗೆಯವರೆಗೂ ಹೋದಳು. ಗಾಡಿ ಒಂದು ಕೂದಲೆಳೆಯೂ ಜಾರಲಿಲ್ಲ.

ಆಚೆ ತಿರುಗಿಸಿಕೊಂಡು ಮತ್ತೆ ಬಂದಳು. ಮತ್ತೆ ಹೋದಳು. ನಾಲ್ಕನೆಯ ಸಲಕ್ಕೆ ಖಾಜಾ ಮಿಯಾಗೆ ತಡೆಯಲಿಲ್ಲ. ಎದ್ದು ನಿಂತು ಛತ್ರಿ ಬೀಸಿದ.

"ಬೇಟೀ! ಜರಾ ಎಡಕ್ಕ! ನೀ ಒಂದೇ ಸಾಲಿನಾಗ ಹೊಂಟಿದಿ, ಆ ಕಡಿದು ಕಾಯೇ ಒಡದಿಲ್ಲ!"

ಗಾಡಿಯೊಳಗಿಂದ ನಗು ಕೇಳಿಸಿತು. ಒಂದು ವರ್ಷದಿಂದ ನಾನು ಕೇಳಿರದ ನಗು. ಐದನೆಯ ಸಲ ಎಡಕ್ಕೆ ಬಂದಳು. ಆರನೆಯ ಸಲ ಅವನು ಬಲಕ್ಕೆ ಅಂದ. ಏಳನೆಯ ಸಲ ಅವಳು ಕಿಟಕಿಯಿಂದ ಎರಡು ಬೆರಳು ತೋರಿಸಿದಳು. ಇಪ್ಪತ್ತು ಎಂದು ನನಗೆ ಅರ್ಥವಾಯಿತು. ಇನ್ನೆರಡು ಸುತ್ತು ಹಾಕುತ್ತಾಳೆಂದು ಖಾಜಾ ಮಿಯಾ ತಿಳಿದ, ಅವಳು ಅವನ ಮಾತೂ ಉಳಿಸಿದಳು.

ಗಾಡಿ ನಿಲ್ಲಿಸಿ ಇಳಿದು ಬಂದು ಅವನ ಮುಂದೆ ನಿಂತಳು. "ಚಾಚಾ, ಮಾಫ್ ಮಾಡ್ರಿ."

"ಛತ್ರಿಗೇನು? ಹೋಗು, ತಂತಿ ಕಟ್ಟೀನಿ. ಆದ್ರ ಈ ಟ್ರ್ಯಾಕ್ಟರ್‌ನವ್ರು ಬರ್ ಅಂತ ಓಡಿಸಿ ಕಾಳೇ ಪುಡಿ ಮಾಡ್ತಾರ. ನಿನ್ನ ಗಾಡಿ ಸಾವಕಾಶ ನಡೀತದ, ಕಾಳು ಸಾಬೂತ ಉಳೀತಾವ. ನೋಡು."

ಒಂದು ಮುಷ್ಟಿ ಎತ್ತಿ ಊದಿ ತೋರಿಸಿದ. ಕರಿ ಮಣಿಗಳ ಹಾಗೆ ಹೊಳೆಯುತ್ತಿದ್ದವು.

"ಆಯಿ, ನೀವು ಚಾಚಾನ ಹತ್ರ ಕೂತಿರ್ರಿ" ಎಂದಳು ಸಪನಾ. "ನಾ ತಾಂಡಾಕ್ಕ ಹೋಗಿ ಬರ್ತೇನಿ." ನನ್ನ ಉತ್ತರಕ್ಕೆ ಕಾಯಲಿಲ್ಲ. ಬಿಳಿ ಗಾಡಿ ಮಣ್ಣಿನ ದಾರಿಗೆ ಇಳಿದು ಧೂಳಿನಲ್ಲಿ ಹೋಯಿತು.

ಎರಡು ತಾಸು ಆಯಿತು. ನಾನೂ ಖಾಜಾ ಮಿಯಾನೂ ಹೊಟ್ಟು ತೂರಿದೆವು. ಅವಳು ತಿರುಗಿ ಬಂದಾಗ ಹಿಂದಿನ ಸೀಟಿನಲ್ಲಿ ಆ ಕೆಟ್ಟ ಕಾಟಾ ಇತ್ತು. ಬೇಸಿಗೆಯಲ್ಲೇ ಹೊಸದು ಕಳಿಸಿದ್ದರೂ ಹಳೆಯದು ಅಲ್ಲೇ ಮೂಲೆಯಲ್ಲಿತ್ತಂತೆ, ಮತ್ತೆ ಯಾರ ಕೈಗೂ ಸಿಗಬಾರದೆಂದು ಎತ್ತಿಕೊಂಡು ಬಂದಿದ್ದಳು.

"ಆ ಕೂಸು?" ಎಂದೆ.

"ಎಂಟು ಕಿಲೋ ಇನ್ನೂರು ಗ್ರಾಂ, ಆಯಿ. ನಾನೇ ಎತ್ತಿ ಕೂಡಿಸಿ ನೋಡೀನಿ. ನನ್ನ ಓಢಣಿ ಹಿಡ್ಕೊಂಡು ಬಿಡಲೇ ಇಲ್ಲ."

ತಿಂಗಳು ಮುಗಿಯುವುದರೊಳಗೆ ಹದಿನೇಳೂ ಊರು ನೋಡಿ ಬಂದಳು. ಟೇಬಲ್ಲಿನ ಮಾತು ಆಫೀಸಿನಲ್ಲಿ ಮತ್ತೆ ಬರಲಿಲ್ಲ. ಅಂಜಿಕೆ ಪೂರ್ತಿ ಹೋಗಿದೆಯೇ ಎಂದು ಕೇಳಿದರೆ ಇಲ್ಲವೆನ್ನುತ್ತಾಳೆ. ಮಳೆ ಬಂದ ದಿನ ಮೂವತ್ತು ಇರುತ್ತದಂತೆ. ಮೂವತ್ತು ಇಟ್ಟುಕೊಂಡೇ ಹೋಗುತ್ತಾಳೆ.

ಈ ವರ್ಷ ಉದ್ದು ಕಿತ್ತ ಮರುದಿನ ಬೆಳಿಗ್ಗೆ ಅವಳ ಫೋನು ರಿಂಗಾಯಿತು. ನಾನು ಅವಳ ಅಡಿಗೆಮನೆಯಲ್ಲಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದೆ. ಖಾಜಾ ಮಿಯಾನ ದನಿ ಅಲ್ಲಿಯವರೆಗೂ ಕೇಳಿಸಿತು.

"ಬೇಟಿ, ಸೀದಾ ರೋಡಿಗಿ ಹಾಕೀನಿ, ಟೊಂಗೀನೂ ಇಟ್ಟೀನಿ. ಟ್ರ್ಯಾಕ್ಟರ್‌ನವ ಬರ್ತೇನಿ ಅಂದ, ನಾ ಬ್ಯಾಡ ಅಂದೀನಿ. ಯಾವಾಗ ಬರ್ತಿ?"

"ಬಂದೆ ಚಾಚಾ" ಎಂದು ಸಪನಾ ಮೊಳೆಯ ಮೇಲಿನ ಚಾವಿ ತೆಗೆದುಕೊಂಡಳು. "ಆಯಿ, ಉಪ್ಪಿಟ್ಟು ಡಬ್ಯಾಗ ಹಾಕಿಕೊಡ್ರಿ. ಇಬ್ಬರಿಗಿ ಆಗೂವಷ್ಟು."